ಲಘುಹಸ್ತ: ಬುಕ್ಕಾಪಟ್ಟಣ ಸೀಮೆಯ ಕೀಲುವೈದ್ಯದ ಚರಿತ್ರೆಗೆ ಒಂದು ಪೀಠಿಕೆ

ಕನ್ನಡ ನಾಡಿನ ವೈದ್ಯಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಗ್ರಂಥಗಳಿಂದ ಆರಂಭಿಸಿ ಗ್ರಂಥಗಳಲ್ಲಿಯೇ ಮುಗಿಸುತ್ತಾರೆ. ಇದು ಸಹಜವೇ ಆಗಿದೆ. ಓಲೆಗರಿ ಉಳಿಯುತ್ತದೆ, ಕೈ ಉಳಿಯುವುದಿಲ್ಲ. ಆದರೆ ವೈದ್ಯದಲ್ಲಿ ಓಲೆಗರಿಗೆ ಏರದೆ, ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ, ಉಸ್ತಾದನಿಂದ ಶಿಷ್ಯನಿಗೆ ಕೈಯಿಂದ ಕೈಗೆ ದಾಟಿಬಂದ ಒಂದು ಭಾಗವುಂಟು. ಉಳುಕಿದ ಕಾಲು, ಹಿಡಿದುಕೊಂಡ ಸೊಂಟ, ಜಾರಿದ ಭುಜ, ತಿರುಗಲಾರದ ಕತ್ತು ಇವುಗಳನ್ನು ನೀವಿ, ಒತ್ತಿ, ಎಳೆದು ಸರಿಪಡಿಸುವ ಕೆಲಸವೇ ಆ ಭಾಗ. ಇದರ ಚರಿತ್ರೆಯನ್ನು ಬುಕ್ಕಾಪಟ್ಟಣ ಸೀಮೆಯನ್ನು ಮುಂದಿಟ್ಟುಕೊಂಡು ಹೇಗೆ ಬರೆಯಬಹುದು, ಬರೆಯುವಾಗ ಯಾವ ಪ್ರಶ್ನೆಯನ್ನು ಹಿಡಿದುಕೊಳ್ಳಬೇಕು ಎಂಬುದನ್ನು ಇಲ್ಲಿ ವಿವೇಚಿಸಲು ಯತ್ನಿಸಿದ್ದೇವೆ. ಪ್ರಶ್ನೆ ಒಂದೇ: ನೋಯುವ ಕೀಲಿನ ಮೇಲೆ ಎಷ್ಟು ಬಲ? ಔಷಧಕ್ಕೆ ಪ್ರಮಾಣವಿರುವಂತೆ ಕೈಯ ಬಲಕ್ಕೂ ಪ್ರಮಾಣವುಂಟು. ಕೈವೈದ್ಯದ ಚರಿತ್ರೆಯೆಂದರೆ ಬಹುಮಟ್ಟಿಗೆ ಆ ಪ್ರಮಾಣವನ್ನು ಕಲಿತ, ಮರೆತ, ಮತ್ತೆ ಕಲಿತ ಕಥೆಯೆಂದು ನಮಗೆ ತೋರುತ್ತದೆ.

ಬುಕ್ಕಾಪಟ್ಟಣವು ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಊರ ಹೆಸರಿನಲ್ಲಿರುವ ಬುಕ್ಕನು ಯಾರೆಂಬುದು ಬೇರೆಯೇ ಚರ್ಚೆಯ ವಿಷಯ. ಸುತ್ತಲೂ ಕುರುಚಲು ಕಾಡು; ಆ ಕಾಡಿನ ಒಂದು ಭಾಗವನ್ನು ೨೦೧೯ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಲಾಯಿತು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳನ್ನೊಳಗೊಂಡ ಈ ಬಯಲುಸೀಮೆಯಲ್ಲಿ ಮಳೆ ಕಡಮೆ, ಕಲ್ಲು ಹೆಚ್ಚು. ರಾಗಿ, ಕಡಲೆಕಾಯಿ, ಅಲ್ಲಲ್ಲಿ ತೆಂಗು, ಕುರಿ ಮತ್ತು ದನ ಇವುಗಳ ಮೇಲೆ ಬದುಕು ನಿಂತಿದೆ. ಕಾಡುಗೊಲ್ಲರೂ ಕುರುಬರೂ ಈ ಭಾಗದ ಹಳೆಯ ಪಶುಪಾಲಕರು. ಇಂಥ ನೆಲದಲ್ಲಿ ದೇಹ ಮಾಡಬೇಕಾದ ಕೆಲಸವನ್ನು ನೆನೆದರೆ ನೋವಿನ ಚರಿತ್ರೆಗೆ ಪೀಠಿಕೆ ಸಿದ್ಧವಾದಂತೆಯೇ. ಬಾವಿ ತೋಡುವುದು, ಕಪಿಲೆ ಹೊಡೆಯುವುದು, ಬದುವಿಗೆ ಕಲ್ಲು ಹೊರುವುದು, ದಿನವಿಡೀ ಬಾಗಿ ಕಳೆ ಕೀಳುವುದು, ಕುರಿಮಂದೆಯ ಹಿಂದೆ ಹತ್ತಾರು ಮೈಲಿ ನಡೆದು ಹೊಲದಲ್ಲಿಯೇ ಮಲಗುವುದು: ಇವುಗಳಲ್ಲಿ ಯಾವುದೂ ಸೊಂಟಕ್ಕೆ ದಯೆ ತೋರುವ ಕೆಲಸವಲ್ಲ.

ಈ ಸೀಮೆಯ ಬದುಕನ್ನು ಕಣ್ಣಾರೆ ಕಂಡು ಬರೆದ ಪ್ರವಾಸಿಗಳಲ್ಲಿ ಫ್ರಾನ್ಸಿಸ್ ಬುಕಾನನ್ ಪ್ರಮುಖನು. ಟಿಪ್ಪುವಿನ ಪತನದ ಮರುವರ್ಷ, ೧೮೦೦ರಲ್ಲಿ, ಶಿರಾ ಮಧುಗಿರಿಗಳ ಮೂಲಕ ಅವನು ಹಾದುಹೋದನು. ವೈದ್ಯಶಿಕ್ಷಣ ಪಡೆದವನಾದರೂ ಅವನಿಗೆ ಒಪ್ಪಿಸಿದ್ದ ಕೆಲಸ ಬೇಸಾಯ, ಕುಶಲಕಲೆ, ವ್ಯಾಪಾರಗಳ ಸಮೀಕ್ಷೆ. ಆದಕಾರಣ ದನಕುರಿ, ನೇಯ್ಗೆ, ಕಂದಾಯಗಳ ವಿವರಕ್ಕೆ ಅವನ ಪುಟಗಳಲ್ಲಿ ದೊರೆಯುವ ಸ್ಥಾನ ನೋವು ನೀವುವವರಿಗೆ ದೊರೆಯುವಂತಿರಲಿಲ್ಲ. ಶಾಸನಗಳ ಕಡೆಗೆ ತಿರುಗಿದರೂ ಪರಿಸ್ಥಿತಿ ಹೆಚ್ಚು ಬೇರೆಯಲ್ಲ. ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವು ಆ ಮಠವನ್ನು ದೀನರಾದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೆಂದು ಹೊಗಳುತ್ತದೆ. ಆದರೆ ಅಲ್ಲಿ ಯಾರ ಮುರಿದ ತೋಳನ್ನು ಯಾರು ಕಟ್ಟಿದರೆಂದು ಹೇಳುವುದಿಲ್ಲ. ಬಿ. ಎಲ್. ರೈಸರು ತುಮಕೂರು ಜಿಲ್ಲೆಯ ಶಾಸನಗಳನ್ನು ೧೯೦೪ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದರು. ಕರ್ನಾಟಕದ ಇತರ ಬಯಲುಸೀಮೆಗಳಲ್ಲಿರುವಂತೆ ಇಲ್ಲಿಯೂ ವೀರಗಲ್ಲುಗಳುಂಟು. ತುರುಗೊಳಿನಲ್ಲಿ ಕಾದಿ ಸತ್ತವನಿಗೆ ಕಲ್ಲು ನಿಲ್ಲಿಸಿದರು. ಅದೇ ಕಾಳಗದಲ್ಲಿ ಮಂಡಿ ಮುರಿದುಕೊಂಡು ಮನೆಗೆ ಬಂದು ಮೂವತ್ತು ವರ್ಷ ಕುಂಟಿದವನಿಗೆ ಯಾವ ಕಲ್ಲೂ ಇಲ್ಲ. ನಮ್ಮ ವಿಷಯವು ಆ ಎರಡನೆಯವನಿಗೆ ಸೇರಿದುದು.

ಶಾಸನ ಮೂಕವಾದೆಡೆ ಭಾಷೆ ಸಾಕ್ಷ್ಯ ನುಡಿಯುವುದುಂಟು. ಹಳೆಯ ಮೈಸೂರಿನ ಹಳ್ಳಿಗನು ಎಲ್ಲ ನೋವನ್ನೂ ಒಂದೇ ಮಾತಿನಿಂದ ಹೇಳುವುದಿಲ್ಲ. ಉಳುಕು ಬೇರೆ, ಚಳುಕು ಬೇರೆ. ಕಾಲು ಹೊರಳಿದಾಗ ಆಗುವುದು ಉಳುಕು. ಬಗ್ಗಿ ಎದ್ದಾಗ ಮಿಂಚಿನಂತೆ ಸೊಂಟದಲ್ಲಿ ಹೊಕ್ಕು ನಿಲ್ಲುವುದು ಚಳುಕು. ಕತ್ತು ಹಿಡಿದುಕೊಳ್ಳುತ್ತದೆ, ಕೀಲು ಜಾರುತ್ತದೆ ಅಥವಾ ತಪ್ಪುತ್ತದೆ, ಮೂಳೆ ಮುರಿಯುತ್ತದೆ. ಈ ಮಾತುಗಳಲ್ಲಿಯೇ ಒಂದು ರೋಗನಿರ್ಣಯ ಅಡಗಿದೆ. ಚಿಕಿತ್ಸೆಯ ಕ್ರಿಯಾಪದಗಳೂ ಹಾಗೆಯೇ: ನೀವುವುದು, ತಿಕ್ಕುವುದು, ಒತ್ತುವುದು, ಎಳೆಯುವುದು, ಕೂಡಿಸುವುದು, ಕಟ್ಟುವುದು. ಉಳುಕನ್ನು ‘ನೀವಿ ತೆಗೆಯುತ್ತಾರೆ’. ಯಾರೂ ಅದನ್ನು ಎಳೆದು ತೆಗೆಯುವುದಿಲ್ಲ. ತಪ್ಪಿದ ಕೀಲನ್ನು ಎಳೆದು ‘ಕೂಡಿಸುತ್ತಾರೆ’. ನೀವು ಎಂಬ ಧಾತು ತಮಿಳಿನಲ್ಲಿಯೂ ಇದೇ ಅರ್ಥದಲ್ಲಿ ಉಂಟು. ಅಂಗೈಯಿಂದ ಮೆಲ್ಲನೆ ಸವರುವುದೆಂಬುದು ಅದರ ಮೂಲಭಾವ, ನಮ್ಮ ನೇವರಿಸು ಎಂಬುದು ಅದರ ನೆಂಟ. ಮಗುವಿನ ತಲೆಗೆ ಬಳಸುವ ಮಾತಿನ ನೆಂಟನನ್ನೇ ನಮ್ಮ ಜನ ನೊಂದ ಕೀಲಿಗೆ ಬಳಸಿದ್ದಾರೆ. ಭಾಷೆಯು ಬಲದ ಪ್ರಮಾಣವನ್ನು ಹೀಗೆ ಕ್ರಿಯಾಪದದಲ್ಲಿಯೇ ಗುರುತು ಹಾಕಿಕೊಂಡಿದೆ ಎಂಬುದು ನಮಗೆ ಮುಖ್ಯವಾಗಿ ಕಾಣುತ್ತದೆ.

ಸೊಂಟದ ಚಳುಕಿಗೆ ಸಂಬಂಧಿಸಿದ ಒಂದು ವಿಚಿತ್ರ ನಂಬಿಕೆಯನ್ನೂ ಇಲ್ಲಿ ಹೇಳಬೇಕು. ಕಾಲು ಮುಂದಾಗಿ ಹುಟ್ಟಿದವರು ಕಾಲಿನಿಂದ ಸೊಂಟವನ್ನು ಮುಟ್ಟಿದರೆ, ಇಲ್ಲವೆ ಮೆಲ್ಲನೆ ಒದ್ದರೆ, ಚಳುಕು ಬಿಡುವುದೆಂದು ನಮ್ಮ ಹಳ್ಳಿಗಳಲ್ಲಿ ನಂಬುತ್ತಾರೆ. ಇದು ನಮ್ಮ ನಾಡಿಗೆ ಮಾತ್ರ ಸೇರಿದ ನಂಬಿಕೆಯಲ್ಲ; ಭಾರತದ ಹಲವೆಡೆ ಇರುವುದಲ್ಲದೆ, ದೂರದ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿಯೂ ಕಾಲು ಮುಂದಾಗಿ ಹುಟ್ಟಿದವನು ತುಳಿದರೆ ಸೊಂಟನೋವು ಹೋಗುವುದೆಂಬ ನಂಬಿಕೆಯಿತ್ತು. ಪರಸ್ಪರ ಸಂಪರ್ಕವಿಲ್ಲದ ಎರಡು ಜನಗಳು ಒಂದೇ ತೀರ್ಮಾನಕ್ಕೆ ಬಂದುದು ಹೇಗೆ? ಹುಟ್ಟಿದ ಕ್ರಮಕ್ಕೂ ಸೊಂಟಕ್ಕೂ ನಂಟಿಲ್ಲ, ನಿಜ. ಆದರೆ ಹಠಾತ್ತಾಗಿ ಹಿಡಿದ ಸೊಂಟವು ಬಹುಮಂದಿಗೆ ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ತಾನಾಗಿಯೇ ಬಹುಪಾಲು ಇಳಿಯುತ್ತದೆಂಬುದು ಇಂದಿನ ವೈದ್ಯರಿಗೆಲ್ಲ ಒಪ್ಪಿಗೆಯಾದ ಮಾತು. ಹಾಗಿರುವಲ್ಲಿ ಕೆಡುಕು ಮಾಡದಷ್ಟು ಹಗುರವಾದ ಸ್ಪರ್ಶ ಯಾವುದಾದರೂ ಯಶಸ್ಸಿನ ಕೀರ್ತಿಯನ್ನು ಪಡೆಯುತ್ತದೆ. ಈ ಮಾತನ್ನು ಮುಂದೆ ಅಮೆರಿಕದ ಪದ್ಧತಿಯನ್ನು ವಿಚಾರಿಸುವಾಗಲೂ ಮರೆಯಬಾರದು.

ಇನ್ನು ಗ್ರಂಥಗಳು. ಕನ್ನಡದಲ್ಲಿ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲವೆಂಬುದನ್ನು ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಸಂಪುಟಗಳನ್ನು ಓದಿದವರೆಲ್ಲ ಬಲ್ಲರು. ಇಮ್ಮಡಿ ಚಾವುಂಡರಾಯನ ಲೋಕೋಪಕಾರ (೧೦೨೫), ಕೀರ್ತಿವರ್ಮನ ಗೋವೈದ್ಯ, ಪೂಜ್ಯಪಾದರ ಗ್ರಂಥವನ್ನು ಅನುಸರಿಸಿದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ, ಶ್ರೀಧರದೇವನ ವೈದ್ಯಾಮೃತ ಇವು ಹೆಸರಾದವು. ಇವುಗಳ ಒಲವು ಔಷಧಯೋಗಗಳ ಕಡೆಗೆ, ಮಂಗರಾಜನದಂತೂ ವಿಷವೈದ್ಯ. ಬೇರು, ಸೊಪ್ಪು, ತೈಲ, ಅಳತೆ ಇವುಗಳನ್ನು ಪದ್ಯದಲ್ಲಿ ಹಿಡಿಯಬಹುದು. ಹೆಬ್ಬೆರಳನ್ನು ಎಲ್ಲಿಟ್ಟು ಎಷ್ಟು ಒತ್ತಬೇಕೆಂಬುದನ್ನು ಕಂದಪದ್ಯದಲ್ಲಿ ಹೇಳುವುದು ಕಷ್ಟ.

ಕೈಯ ಕೆಲಸವನ್ನು ಬರವಣಿಗೆಯಲ್ಲಿ ಹಿಡಿದಿಟ್ಟ ಪ್ರಾಚೀನ ಗ್ರಂಥವೆಂದರೆ ಸುಶ್ರುತಸಂಹಿತೆ. ಅದರ ನಿದಾನಸ್ಥಾನದ ಹದಿನೈದನೆಯ ಅಧ್ಯಾಯವೂ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯವೂ ಭಗ್ನಕ್ಕೆ ಮೀಸಲಾಗಿವೆ. ಕೀಲು ತಪ್ಪುವುದರಲ್ಲಿ ಆರು ಬಗೆ, ಮೂಳೆ ಮುರಿಯುವುದರಲ್ಲಿ ಹನ್ನೆರಡು ಬಗೆ ಎಂದು ಸುಶ್ರುತನು ಎಣಿಸುತ್ತಾನೆ. ಅವನು ಹೇಳುವ ಕ್ರಮದಲ್ಲಿ ಎಳೆಯುವುದು, ಒತ್ತುವುದು, ಕೂಡಿಸಿ ನಿಲ್ಲಿಸುವುದು, ಕಟ್ಟುವುದು ಎಂಬ ನಾಲ್ಕು ಹೆಜ್ಜೆಗಳಿವೆ. ನಮ್ಮ ಹಳ್ಳಿಯ ಕ್ರಿಯಾಪದಗಳ ಪಟ್ಟಿಯೊಡನೆ ಇದನ್ನು ಹೋಲಿಸಿ ನೋಡಬೇಕು. ಕುಗ್ಗಿದುದನ್ನು ಎತ್ತಬೇಕು, ಉಬ್ಬಿದುದನ್ನು ಒತ್ತಬೇಕು. ಸರಿದ ದಿಕ್ಕಿಗೆ ಎದುರಾದ ದಿಕ್ಕಿನಲ್ಲಿ ಬಲ ಪ್ರಯೋಗವಾಗಬೇಕು ಎಂಬುದು ಅವನ ಸೂತ್ರ. ಭುಜದ ಕೀಲು ಜಾರಿದರೆ ಕಂಕುಳನ್ನು ಒನಕೆಯಿಂದ ಮೇಲೆತ್ತಿ ಕೂಡಿಸಬೇಕೆನ್ನುತ್ತಾನೆ. ಕಾಲಿನ ಮುರಿತಕ್ಕೆ ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ ಐದು ಗೂಟಗಳಿಂದ ಅಲುಗದಂತೆ ನಿಲ್ಲಿಸುವ ಕಪಾಟಶಯನವನ್ನು ವಿವರಿಸುತ್ತಾನೆ.

ನಮಗೆ ಇದಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಅವನ ಸಂಯಮ. ಕಟ್ಟನ್ನು ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣ ಋತುವಿನಲ್ಲಿ ಐದು ದಿನಕ್ಕೊಮ್ಮೆ, ಬೇಸಗೆಯಲ್ಲಿ ಮೂರು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ಸಡಿಲವಾದರೆ ಕೀಲು ನಿಲ್ಲದು. ಬಿಗಿಯಾದರೆ ಬಾವು, ನೋವು, ಕೀವು. ಆದಕಾರಣ ಎರಡರ ನಡುವಿನ ಕಟ್ಟೇ ಕಟ್ಟು. ಮುರಿದ ಅಂಗೈ ಕೂಡಿದ ಮೇಲೆ ರೋಗಿಯ ಕೈಗೆ ಮೊದಲು ಮಣ್ಣಿನ ಉಂಡೆಯನ್ನೂ ಆಮೇಲೆ ಉಪ್ಪಿನ ಹರಳನ್ನೂ ಕಡೆಗೆ ಕಲ್ಲನ್ನೂ ಹಿಡಿಯಲು ಕೊಡಬೇಕೆಂದು ಅವನು ವಿಧಿಸುತ್ತಾನೆ. ಹಂತಹಂತವಾಗಿ ಬಲವನ್ನು ಮರಳಿ ತರುವ ಈ ಉಪಾಯ ಇಂದಿನ ಭೌತಚಿಕಿತ್ಸಕರಿಗೂ ಮೆಚ್ಚಿಕೆಯಾಗತಕ್ಕದ್ದು. ವೈದ್ಯನಿಗೆ ಇರಬೇಕಾದ ಗುಣಗಳನ್ನು ಎಣಿಸುವಲ್ಲಿ ಸುಶ್ರುತನು ‘ಲಘುಹಸ್ತ’ ಎಂಬ ವಿಶೇಷಣವನ್ನು ಬಳಸಿದ್ದಾನೆ. ಶಸ್ತ್ರ ಹಿಡಿದ ಕೈಯ ಚುರುಕುತನವೆಂದು ಅದಕ್ಕೆ ಅರ್ಥ ಮಾಡುವುದು ವಾಡಿಕೆ. ಭಗ್ನಾಧ್ಯಾಯವನ್ನು ಜೊತೆಗಿಟ್ಟು ಓದಿದರೆ ಭಾರವಿಲ್ಲದ ಕೈ ಎಂಬ ನೇರವಾದ ಅರ್ಥಕ್ಕೂ ಆಸ್ಪದವುಂಟೆಂದು ನಮ್ಮ ಭಾವನೆ. ಈ ಲೇಖನಕ್ಕೆ ಆ ಮಾತನ್ನೇ ಹೆಸರಾಗಿ ಇಟ್ಟಿದ್ದೇವೆ.

ಇದನ್ನು ಕಂಡು ಎಲ್ಲವೂ ನಮ್ಮಲ್ಲಿಯೇ ಹುಟ್ಟಿತೆಂದು ಹಿಗ್ಗುವುದು ಬೇಡ. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿರುವ ಕೀಲುಗಳನ್ನು ಕುರಿತ ಗ್ರಂಥದಲ್ಲಿಯೂ ಜಾರಿದ ಭುಜಕ್ಕೆ ಒನಕೆಯ ಉಪಾಯವಿದೆ. ಒನಕೆಗೆ ಮೆತ್ತನೆಯ ಬಟ್ಟೆ ಸುತ್ತಬೇಕೆಂಬ ಎಚ್ಚರಿಕೆಯೂ ಇದೆ. ಅದೇ ಗ್ರಂಥವು ಗೂನು ಬೆನ್ನಿನವನನ್ನು ಏಣಿಗೆ ಕಟ್ಟಿ ಮೇಲಿನಿಂದ ಕುಲುಕಿ ಬೀಳಿಸುವ ಪದ್ಧತಿಯನ್ನು ಪ್ರಸ್ತಾಪಿಸಿ, ಅದನ್ನು ಹೆಚ್ಚಾಗಿ ಮಾಡುವವರು ಜನರು ಬಾಯಿ ಬಿಟ್ಟು ನೋಡಲೆಂದು ಮಾಡುವವರು ಎಂದು ಜರೆಯುತ್ತದೆ. ನೋಡುವವರ ಬೆರಗಿಗಾಗಿ ಬಲ ಪ್ರಯೋಗ ಮಾಡುವ ಚಪಲ ಅಂದೇ ಇತ್ತು.

ಓದುಬಲ್ಲ ವೈದ್ಯನಿಗೆ ಸಂಹಿತೆಯಿತ್ತು, ಓದದವನಿಗೆ ಏನಿತ್ತು? ಮಂದೆಯಿತ್ತು ಎಂಬುದು ನಮ್ಮ ಉತ್ತರ. ಬುಕ್ಕಾಪಟ್ಟಣದಂಥ ಸೀಮೆಯಲ್ಲಿ ಕಲ್ಲುಸಂದಿಗೆ ಸಿಕ್ಕಿ ಕಾಲು ಮುರಿದುಕೊಂಡ ಕುರಿಮರಿಗೆ ಬಿದಿರಿನ ದಬ್ಬೆ ಕಟ್ಟುವುದು ಪಶುಪಾಲಕನು ಎಳೆಯ ವಯಸ್ಸಿನಲ್ಲಿ ಕಲಿಯುವ ಕೆಲಸ. ಮರಿಯು ನೋವನ್ನು ಬಾಯಿಂದ ಹೇಳಲಾರದು. ಕಟ್ಟಿದವನು ಬೆರಳಿನಿಂದಲೇ ಬಾವು, ಬಿಸಿ, ನಡುಕಗಳನ್ನು ಓದಬೇಕು. ಮನುಷ್ಯರ ಮೂಳೆ ಕಟ್ಟುವ ಮನೆತನಗಳು ತಮ್ಮ ವಿದ್ಯೆಯ ಮೂಲವನ್ನು ಪ್ರಾಣಿಗಳಲ್ಲಿ ಹುಡುಕುವುದು ಆಕಸ್ಮಿಕವಾಗಿರಲಾರದು. ತಿರುಪತಿಯಿಂದ ಚೆನ್ನೈಗೆ ಹೋಗುವ ದಾರಿಯಲ್ಲಿರುವ ಆಂಧ್ರದ ಪುತ್ತೂರಿನ ಕಟ್ಟು (ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ) ಇಂದು ದಕ್ಷಿಣ ಭಾರತದಲ್ಲೆಲ್ಲ ಹೆಸರಾಗಿದೆ. ಕರ್ನಾಟಕದ ಊರುಗಳಲ್ಲಿಯೂ ‘ಪುತ್ತೂರು ಕಟ್ಟು’ ಎಂಬ ಹಲಗೆಗಳನ್ನು ಕಾಣಬಹುದು. ಅಲ್ಲಿನ ಮನೆತನದ ಐತಿಹ್ಯದಂತೆ ಕೇಶವರಾಜು ಎಂಬವರು ಬೇಟೆಯಲ್ಲಿ ದೊರೆತ ಮೊಲವನ್ನು ಎಲೆಗಳಲ್ಲಿ ಸುತ್ತಿ ತಂದರು. ಬಿಚ್ಚಿ ನೋಡುವಾಗ ಅದರ ಮುರಿದ ಕಾಲು ಕೂಡಿಕೊಂಡಿತ್ತು. ೧೮೮೧ರ ಸುಮಾರಿನಿಂದ ಈ ವೈದ್ಯ ನಡೆದುಬಂದಿದೆ. ಐತಿಹ್ಯವನ್ನು ಅಕ್ಷರಶಃ ನಂಬಬೇಕಾಗಿಲ್ಲ. ಸೊಪ್ಪಿನ ರಸ, ಮೊಟ್ಟೆಯ ಬಿಳಿ, ಬಟ್ಟೆ, ಬಿದಿರಿನ ದಬ್ಬೆ ಇವುಗಳಿಂದ ಹಾಕುವ ಆ ಕಟ್ಟಿನ ಹಿಂದೆ ಪ್ರಾಣಿಯ ಅನುಭವವಿದೆ ಎಂಬಷ್ಟನ್ನು ಅದರಿಂದ ತೆಗೆದುಕೊಂಡರೆ ಸಾಕು.

ಇದಕ್ಕೆ ಸಮನಾದ ಪಾಶ್ಚಾತ್ಯ ನಿದರ್ಶನವೊಂದು ಅಧ್ಯಯನಕ್ಕೆ ಬಹಳ ಉಪಯುಕ್ತವಾದುದು. ೧೭೪೫ರ ಸುಮಾರಿಗೆ ವೇಲ್ಸಿನ ಆಂಗಲ್ಸಿ ದ್ವೀಪದ ತೀರಕ್ಕೆ ಒಡೆದ ಹಡಗಿನಿಂದ ಬಂದುಬಿದ್ದ ಊರು ಹೆಸರು ತಿಳಿಯದ ಹುಡುಗನೊಬ್ಬನ ಸಂತತಿ ಮೂಳೆ ಕೂಡಿಸುವುದರಲ್ಲಿ ಪ್ರಸಿದ್ಧವಾಯಿತು. ಆ ವಂಶದ ಇವಾನ್ ಥಾಮಸ್ ಲಿವರ್‌ಪೂಲಿನಲ್ಲಿ ಕೈವೈದ್ಯ ನಡೆಸಿ, ಪದವೀಧರ ವೈದ್ಯರ ವಿರೋಧವನ್ನೂ ನ್ಯಾಯಾಲಯದ ಮೊಕದ್ದಮೆಗಳನ್ನೂ ಎದುರಿಸಿ, ತನ್ನ ಮಕ್ಕಳನ್ನು ವೈದ್ಯಶಾಲೆಗೆ ಕಳುಹಿಸಿದನು. ಮಗ ಹ್ಯೂ ಓವನ್ ಥಾಮಸ್ (೧೮೩೪–೧೮೯೧) ಆಧುನಿಕ ಮೂಳೆಶಸ್ತ್ರದ ಪಿತಾಮಹರಲ್ಲಿ ಒಬ್ಬನೆನಿಸಿದನು. ಅವನ ಹೆಸರಿನ ಕಾಲುದಬ್ಬೆಯು ಮೊದಲನೆಯ ಮಹಾಯುದ್ಧದಲ್ಲಿ ತೊಡೆಮೂಳೆ ಮುರಿದ ಅಸಂಖ್ಯ ಸೈನಿಕರ ಪ್ರಾಣ ಉಳಿಸಿತು. ಆಂಗ್ಲ ವೈದ್ಯರೂ ಈ ಜನರನ್ನು ಕೇವಲ ನಿಂದಿಸುತ್ತ ಕೂರಲಿಲ್ಲ. ಮೂಳೆ ಕೂಡಿಸುವವರು ಗುಣಪಡಿಸುವ ರೋಗಗಳನ್ನು ಕುರಿತು ಜೇಮ್ಸ್ ಪ್ಯಾಜೆಟ್ ೧೮೬೭ರಲ್ಲಿ ಉಪನ್ಯಾಸ ಮಾಡಿದನು. ವಾರ್ಟನ್ ಹುಡ್ ಎಂಬ ವೈದ್ಯನು ರಿಚರ್ಡ್ ಹಟನ್ ಎಂಬ ಕೈವೈದ್ಯನಿಂದಲೇ ಪಾಠ ಕಲಿತು ೧೮೭೧ರಲ್ಲಿ ಪುಸ್ತಕ ಬರೆದನು. ಮೂಳೆ ಸರಿದಿದೆಯೆಂದು ಅವರು ಹೇಳುವುದು ತಪ್ಪು, ಬಹುಕಾಲ ಅಲುಗದೆ ಬಿಗಿದ ಕೀಲನ್ನು ಬಿಡಿಸುವ ಅವರ ಕೈ ಮಾತ್ರ ಸರಿ ಎಂಬುದು ಹುಡ್‌ನ ತೀರ್ಮಾನದ ಸಾರ. ವಿವರಣೆ ತಪ್ಪಾಗಿದ್ದೂ ಕೈ ಸರಿಯಾಗಿರಬಹುದು! ನಮ್ಮ ನಾಟಿವೈದ್ಯವನ್ನು ಅಳೆಯುವವರು ಇದನ್ನು ಮರೆಯುತ್ತಾರೆ. ಹೊಗಳುವವರು ಇದರ ವಿಪರ್ಯಯವನ್ನು ಮರೆಯುತ್ತಾರೆ.

ಬಲದ ಪ್ರಮಾಣವೆಂಬ ನಮ್ಮ ಪ್ರಶ್ನೆಗೆ ಮೈಸೂರು ಸೀಮೆಯಲ್ಲಿ ದೊರೆಯುವ ಅತ್ಯಂತ ತೀಕ್ಷ್ಣವಾದ ಸಾಕ್ಷ್ಯ ಜಟ್ಟಿಗಳದು. ಮೈಸೂರು, ಚನ್ನಪಟ್ಟಣ ಮೊದಲಾದೆಡೆಗಳ ಈ ಮಲ್ಲರು ದಸರೆಯ ವಜ್ರಮುಷ್ಟಿ ಕಾಳಗದಿಂದ ಎಲ್ಲರಿಗೂ ಪರಿಚಿತರು. ಮಲ್ಲವಿದ್ಯೆಗೂ ಮೈ ನೀವುವುದಕ್ಕೂ ನಂಟು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ (೧೧೨೯) ಮಲ್ಲವಿನೋದಕ್ಕೆ ಒಂದು ಪ್ರಕರಣವಿರುವಂತೆ ಪಾದಾಭ್ಯಂಗವೂ ರಾಜನ ಉಪಭೋಗಗಳಲ್ಲಿ ಒಂದಾಗಿ ಎಣಿಕೆಗೊಂಡಿದೆ. ಗರಡಿಯಲ್ಲಿ ಪಟ್ಟು ಕಲಿಸುವ ಉಸ್ತಾದನೇ ಪಟ್ಟಿನಲ್ಲಿ ತಪ್ಪಿದ ಕೀಲನ್ನೂ ನೋಡಬೇಕಾಗುತ್ತದೆ. ಬೇರೆ ಯಾರು ನೋಡಬೇಕು? ಎಡ್ಗರ್ ಥರ್ಸ್‌ಟನ್ ೧೯೦೯ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಜಟ್ಟಿಗಳು ನರನೋವು ಮೊದಲಾದುವಕ್ಕೆ ಮೈ ನೀವಿ ಲೇಪ ತಿಕ್ಕುವವರೆಂದು ಹೇಳಿದ್ದಾನೆ. ಅದೇ ಜಟ್ಟಿಗಳನ್ನು ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಮರಣದಂಡನೆಗೆ ಬಳಸುತ್ತಿದ್ದರೆಂದೂ ಅವರು ಅಪರಾಧಿಯ ಕತ್ತನ್ನು ಕೈಯಿಂದ ತಿರುಚಿ ಕೊಲ್ಲುತ್ತಿದ್ದರೆಂದೂ ಆಂಗ್ಲ ಬರಹಗಳು ಹೇಳುತ್ತವೆ. ಶತ್ರುಪಕ್ಷದವರ ಬರಹವಾದ್ದರಿಂದ ಅದರ ಬಣ್ಣವನ್ನು ಸ್ವಲ್ಪ ಒರೆಸಿಕೊಂಡು ಓದಬೇಕು. ಆದರೂ ಒಂದು ಸತ್ಯ ಉಳಿಯುತ್ತದೆ. ಕತ್ತಿನ ಕೀಲು ಎಲ್ಲಿ ಬಿಡುತ್ತದೆಂಬುದನ್ನು ಬಲ್ಲ ಕೈ, ಎಲ್ಲಿ ನಿಲ್ಲಬೇಕೆಂಬುದನ್ನೂ ಬಲ್ಲುದಾಗಿತ್ತು. ಕೊಲ್ಲುವುದಕ್ಕೂ ನೀವುವುದಕ್ಕೂ ನಡುವೆ ಇದ್ದುದು ಬಲದ ಪ್ರಮಾಣವೊಂದೇ.

ಈಗ ೧೮೯೫ಕ್ಕೆ ಬರೋಣ. ಆ ವರ್ಷದ ಸೆಪ್ಟೆಂಬರ್ ೧೮ರಂದು ಅಮೆರಿಕದ ಅಯೋವಾ ಸಂಸ್ಥಾನದ ಡ್ಯಾವನ್‌ಪೋರ್ಟ್ ಪಟ್ಟಣದಲ್ಲಿ ಡ್ಯಾನಿಯಲ್ ಡೇವಿಡ್ ಪಾಮರ್ ಎಂಬವನು, ಕಿವಿ ಮಂದವಾಗಿದ್ದ ಹಾರ್ವಿ ಲಿಲ್ಲಾರ್ಡ್ ಎಂಬ ಕಟ್ಟಡದ ಕೆಲಸಗಾರನ ಬೆನ್ನೆಲುಬನ್ನು ಒತ್ತಿ ಅವನ ಕಿವಿಯನ್ನು ಗುಣಪಡಿಸಿದೆನೆಂದು ಸಾರಿದನು. ಕೈರೋಪ್ರಾಕ್ಟಿಕ್ ಎಂಬ ಪದ್ಧತಿ ಹುಟ್ಟಿದ್ದು ಹೀಗೆ. ಗ್ರೀಕ್ ಭಾಷೆಯ ಕೈ ಮತ್ತು ಕ್ರಿಯೆ ಎಂಬ ಮಾತುಗಳಿಂದ ಹೆಸರು ಮಾಡಿಕೊಟ್ಟವನು ಸ್ಯಾಮ್ಯುಯೆಲ್ ವೀಡ್ ಎಂಬ ಪಾದ್ರಿ. ಬೆನ್ನೆಲುಬಿನ ಮಣಿಗಳು ಕೊಂಚ ಸರಿದು ನರಗಳ ಶಕ್ತಿಯನ್ನು ತಡೆಯುವುದೇ ಬಹುಪಾಲು ರೋಗಗಳ ಮೂಲವೆಂದು ಪಾಮರ್ ಬೋಧಿಸಿದನು. ಎರಡು ತಿಂಗಳೂ ಕಳೆಯಲಿಲ್ಲ. ನವೆಂಬರ್ ೮ರಂದು ಜರ್ಮನಿಯಲ್ಲಿ ರಂಟ್‌ಗೆನ್ ಕ್ಷಕಿರಣವನ್ನು ಕಂಡನು. ಒಬ್ಬನು ಎಲುಬಿನ ಸ್ಥಾನವನ್ನು ಬೆರಳಿನಿಂದಲೇ ಬಲ್ಲೆನೆಂದನು. ಇನ್ನೊಬ್ಬನು ಅದನ್ನು ಕಣ್ಣಿಗೇ ತೋರಿಸಿದನು. ಆ ಮೇಲಿನ ಕಾಲದಲ್ಲಿ ಪಾಮರನ ಸಿದ್ಧಾಂತಕ್ಕೆ ವಿಜ್ಞಾನದ ಆಧಾರ ದೊರೆಯಲಿಲ್ಲ. ಆದರೆ ಅವನ ಅನುಯಾಯಿಗಳ ಕೈ ಸೊಂಟನೋವಿನವರಿಗೆ ಒಂದಿಷ್ಟು ಉಪಶಮನ ಕೊಡುತ್ತಲೇ ಬಂದಿತು. ಹುಡ್‌ನ ಮಾತು ಇಲ್ಲಿಯೂ ಸಲ್ಲುತ್ತದೆ.

ಮೊದಲಿನ ಕೈರೋಪ್ರಾಕ್ಟಿಕ್ ಪದ್ಧತಿಯ ಮುಖ್ಯ ಕ್ರಿಯೆ ಕೀಲನ್ನು ಅದರ ಚಲನೆಯ ಮಿತಿಯವರೆಗೆ ಒಯ್ದು ಅಲ್ಲಿ ಥಟ್ಟನೆ ಕೊಡುವ ಒಂದು ನೂಕು. ಕಾಲಕ್ರಮದಲ್ಲಿ ಆ ಪದ್ಧತಿಯೊಳಗೇ ಬಲವನ್ನು ತಗ್ಗಿಸುವ ಪ್ರಯತ್ನಗಳು ಹುಟ್ಟಿಕೊಂಡವು. ೧೯೩೦ರ ದಶಕದಲ್ಲಿ ಹ್ಯೂ ಲೋಗನ್ ತ್ರಿಕಾಸ್ಥಿಯ ಬಳಿ ಹೆಬ್ಬೆರಳಿನ ಹಗುರವಾದ ಒತ್ತನ್ನು ಬಹುಹೊತ್ತು ಇಡುವ ಕ್ರಮವನ್ನು ಬಳಕೆಗೆ ತಂದನು. ೧೯೬೦ರ ದಶಕದಲ್ಲಿ ವಾರನ್ ಲೀ ಮತ್ತು ಆರ್ಲನ್ ಫರ್ ಎಂಬವರು ಅಂಗೈಯಲ್ಲಿ ಹಿಡಿಯುವ ಸ್ಪ್ರಿಂಗಿನ ಸಣ್ಣ ಉಪಕರಣದಿಂದ ಅಳತೆಯುಳ್ಳ ಪುಟ್ಟ ತಟ್ಟನ್ನು ಕೊಡುವ ವಿಧಾನವನ್ನು ರೂಪಿಸಿದರು. ಅದೇ ಕಾಲದಲ್ಲಿ ಜೇಮ್ಸ್ ಕಾಕ್ಸ್ ರೋಗಿಯನ್ನು ಬೋರಲಾಗಿ ಮಲಗಿಸಿ, ಕೆಳಭಾಗ ಬಾಗುವ ಮೇಜಿನ ನೆರವಿನಿಂದ ಸೊಂಟವನ್ನು ಮೆಲ್ಲನೆ ಹಿಗ್ಗಿಸುವ ಪದ್ಧತಿಯನ್ನು ಬೆಳೆಸಿದನು. ಲೋಗನ್ನನ ಹೆಬ್ಬೆರಳು ನಮ್ಮ ನೀವುವವರ ಹೆಬ್ಬೆರಳಿಗೆ ದೂರದ್ದಲ್ಲ. ಕಾಕ್ಸನ ಮೇಜು ಕಪಾಟಶಯನವನ್ನು ನೆನಪಿಗೆ ತರುತ್ತದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಮನುಷ್ಯನ ಬೆನ್ನು ಎ​ಲ್ಲೆಡೆಯೂ ಒಂದೇ ಆಗಿರುವುದರಿಂದ ಅದನ್ನು ಬಹುಕಾಲ ಮುಟ್ಟಿದ ಕೈಗಳು ಒಂದೇ ಕಡೆಗೆ ಬಂದು ಸೇರಿವೆ.

ಬಲ ತಗ್ಗಿದಾಗ ಒಂದು ವಸ್ತು ಕೈಬಿಟ್ಟುಹೋಗುತ್ತದೆ: ಶಬ್ದ. ನೆಟಿಗೆ ಬಂದರೆ ಕೀಲು ಕೂಡಿತೆಂದು ಜನ ತಿಳಿಯುತ್ತಾರೆ. ನಮ್ಮ ಅಜ್ಜಿಯರು ಮಗುವಿನ ದೃಷ್ಟಿ ತೆಗೆದು ತಮ್ಮ ಕಪಾಲಕ್ಕೆ ಬೆರಳೊತ್ತಿ ನೆಟಿಗೆ ಮುರಿಯುವಾಗ, ನೆಟಿಗೆ ಹೆಚ್ಚು ಬಂದಷ್ಟೂ ದೃಷ್ಟಿ ಹೆಚ್ಚಿತ್ತೆಂದು ಎಣಿಸುತ್ತಿದ್ದರು. ಕ್ಷೌರದಂಗಡಿಯಲ್ಲಿ ಕತ್ತನ್ನು ಅತ್ತಿತ್ತ ತಿರುಚಿ ಶಬ್ದ ಬರಿಸುವುದನ್ನೂ ಸೇವೆಯ ಒಂದು ಭಾಗವೆಂದೇ ಗಿರಾಕಿಗಳು ಬಗೆಯುತ್ತಾರೆ. ಆದರೆ ಆ ಶಬ್ದ ಮೂಳೆ ಸ್ಥಾನಕ್ಕೆ ಬಂದುದರ ಗುರುತಲ್ಲ. ಕೀಲಿನ ಎರಡು ಮೈಗಳು ಹಠಾತ್ತಾಗಿ ದೂರವಾದಾಗ ಅಲ್ಲಿನ ದ್ರವದಲ್ಲಿ ಅನಿಲದ ಪೊಟರೆಯೊಂದು ಉಂಟಾಗುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೫ರಲ್ಲಿ ಬೆರಳನ್ನು ಎಳೆಯುತ್ತಲೇ ಕಾಂತೀಯ ಚಿತ್ರಣ ತೆಗೆದು ಇದನ್ನು ತೋರಿಸಿದರು. ಶಬ್ದಕ್ಕಾಗಿ ಕತ್ತು ತಿರುಚುವುದು ಅಪರೂಪಕ್ಕಾದರೂ ಮಿದುಳಿಗೆ ಹೋಗುವ ರಕ್ತನಾಳದ ಗೋಡೆಯನ್ನು ಹರಿದು ಪಾರ್ಶ್ವವಾಯುವಿಗೆ ಕಾರಣವಾಗಬಹುದೆಂಬ ಆತಂಕವನ್ನು ವೈದ್ಯಸಾಹಿತ್ಯ ಮತ್ತೆ ಮತ್ತೆ ಎತ್ತಿದೆ. ಏಣಿಯ ಮೇಲೆ ಕುಲುಕುವವರನ್ನು ಕುರಿತ ಗ್ರೀಕ್ ವೈದ್ಯನ ಮಾತು ಇಲ್ಲಿ ನೆನಪಾಗದಿರದು.

ಕಟ್ಟಿನ ವಿಷಯದಲ್ಲಿಯೂ ಪ್ರಮಾಣ ತಪ್ಪುವುದರ ಬೆಲೆ ಘೋರವಾದುದು. ಮುಂಗೈ ಮುರಿತಕ್ಕೆ ಬಿಗಿಯಾದ ಕಟ್ಟು ಹಾಕಿದಾಗ ರಕ್ತಸಂಚಾರ ನಿಂತು ಸ್ನಾಯುಗಳು ಸತ್ತು ಬೆರಳುಗಳು ಕೊಕ್ಕೆಯಂತೆ ಮಡಚಿಕೊಳ್ಳುವುದನ್ನು ರಿಚರ್ಡ್ ಫಾನ್ ಫೋಲ್ಕ್‌ಮನ್ ಎಂಬ ಜರ್ಮನ್ ಶಸ್ತ್ರವೈದ್ಯನು ವರ್ಣಿಸಿದ್ದು ೧೮೮೧ರಲ್ಲಿ, ಪುತ್ತೂರಿನ ಐತಿಹ್ಯ ಹೇಳುವ ವರ್ಷದ ಸುಮಾರಿನಲ್ಲಿಯೇ. ನಾಟಿಕಟ್ಟಿನ ಬಿಗಿತದಿಂದ ಮಕ್ಕಳ ಕೈ ಕೊಳೆತು ಕತ್ತರಿಸಬೇಕಾಗಿ ಬಂದ ಸಂದರ್ಭಗಳನ್ನು ಭಾರತ ಮತ್ತು ಆಫ್ರಿಕದ ಮೂಳೆವೈದ್ಯರು ಬರೆದಿಟ್ಟಿದ್ದಾರೆ. ಸುಶ್ರುತನು ಬೇಸಗೆಯಲ್ಲಿ ಮೂರು ದಿನಕ್ಕೊಮ್ಮೆ ಬಿಚ್ಚಬೇಕೆಂದುದು ಏಕೆಂಬುದು ಆ ವರದಿಗಳನ್ನು ಓದಿದಾಗ ಮನದಟ್ಟಾಗುತ್ತದೆ. ಪರಂಪರೆಯೆಂಬ ಹೆಸರು ಹೇಳಿಕೊಂಡು ಕಟ್ಟುವವನೊಬ್ಬನು ಪರಂಪರೆಯ ಈ ಒಂದು ನಿಯಮವನ್ನು ಮರೆತಿದ್ದರೆ, ಅವನು ಹಾಕುವ ಸೊಪ್ಪು ಯಾವುದಾದರೇನು?

ಇಂದಿನ ಸ್ಥಿತಿಯನ್ನು ಚಿಕ್ಕದಾಗಿ ಹೇಳಬಹುದು. ೨೦೨೦ರಲ್ಲಿ ಜಗತ್ತಿನ ೬೧.೯ ಕೋಟಿ ಜನರಿಗೆ ಕೆಳಬೆನ್ನಿನ ನೋವಿತ್ತೆಂದು ಅಂದಾಜು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರ ಡಿಸೆಂಬರಿನಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು ಬಹುಕಾಲದ ಸೊಂಟನೋವಿಗೆ ತಿಳಿವಳಿಕೆ, ವ್ಯಾಯಾಮ ಮೊದಲಾದುವುಗಳ ಜೊತೆಗೆ ಬೆನ್ನೆಲುಬಿನ ಕೈಚಿಕಿತ್ಸೆಯನ್ನೂ ಮೈ ನೀವುವುದನ್ನೂ ಷರತ್ತಿನೊಡನೆ ಒಪ್ಪಿದೆ. ಲಭ್ಯವಿರುವ ಪ್ರಯೋಗಗಳು ಹೇಳುವಂತೆ ಈ ಉಪಶಮನ ಸಾಧಾರಣವಾದುದು. ಇತರ ಒಳ್ಳೆಯ ಚಿಕಿತ್ಸೆಗಳಿಗೆ ಹೆಚ್ಚುಕಡಮೆ ಸಮ. ಭಾರತದಲ್ಲಿ ಕೈರೋಪ್ರಾಕ್ಟಿಕ್ ಪದ್ಧತಿಗೆ ಪ್ರತ್ಯೇಕವಾದ ಶಾಸನಬದ್ಧ ಪರಿಷತ್ತಿಲ್ಲ. ಮೈಸೂರಿನಲ್ಲಿ ೧೯೦೮ರಲ್ಲಿಯೇ ಆಯುರ್ವೇದ ವಿದ್ಯಾಶಾಲೆ ಆರಂಭವಾಗಿ ಶಾಸ್ತ್ರಕ್ಕೆ ಪೀಠ ದೊರೆಯಿತು. ಹಳ್ಳಿಯ ಕೈ ಆ ಬಾಗಿಲ ಹೊರಗೇ ಉಳಿಯಿತು.

ಹೊರಗುಳಿದ ಆ ಕೈಯನ್ನು ದಾಖಲಿಸುವ ಕೆಲಸ ಬುಕ್ಕಾಪಟ್ಟಣ ಸೀಮೆಯಲ್ಲಿ ಇನ್ನೂ ಆಗಬೇಕಾಗಿದೆ. ಅದಕ್ಕೆ ಇಳಿಯುವ ವಿದ್ಯಾರ್ಥಿಗಳಿಗೆ ನಮ್ಮದೊಂದು ಸೂಚನೆ. ನಾಟಿವೈದ್ಯರ ಬಳಿಗೆ ಹೋದವರು ಮೊದಲು ಕೇಳುವುದು ಸೊಪ್ಪಿನ ಹೆಸರು; ಲೆಕ್ಕಿ, ಎಕ್ಕ, ಮಂಗರವಳ್ಳಿ ಎಂದು ಬರೆದುಕೊಂಡು ಹಿಂದಿರುಗುತ್ತಾರೆ. ಸೊಪ್ಪಿಗಿಂತ ಮೊದಲು, ಯಾವ ರೋಗಿಯನ್ನು ಮುಟ್ಟದೆ ಕಳುಹಿಸುತ್ತೀರಿ ಎಂದು ಕೇಳಬೇಕು. ಸುಶ್ರುತನು ಚಿಕಿತ್ಸೆಗೆ ಕೈಹಾಕಬಾರದ ಭಗ್ನಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ತಲೆಯೋಡಿನದು, ಕಣತಲೆಯದು, ಬೆನ್ನಿನದು ಅದರಲ್ಲಿ ಸೇರಿವೆ. ಬೆನ್ನುಮಣಿಗಳು ಕ್ಷಯದಿಂದ ಕೊಳೆತು ಗೂನಾಗಿ ಕಾಲು ಸ್ವಾಧೀನ ತಪ್ಪುವ ರೋಗವನ್ನು ಪರ್ಸಿವಲ್ ಪಾಟ್ ೧೭೭೯ರಲ್ಲಿ ವರ್ಣಿಸಿದನು. ಕ್ಷಯ ಇನ್ನೂ ಅಳಿಯದ ನಮ್ಮ ನಾಡಿನಲ್ಲಿ ಅಂಥ ಬೆನ್ನೂ ಮೊದಲಿಗೆ ಬರಿಯ ಸೊಂಟನೋವಾಗಿಯೇ ನೀವುವವರ ಜಗಲಿಗೆ ಬರುತ್ತದೆ. ಸಂಜೆಯ ಜ್ವರ, ಇಳಿದ ಮೈ, ಕಾಲಿನ ಜೋಮು, ಮೂತ್ರ ಕಟ್ಟುವುದು, ಮರದಿಂದ ಬಿದ್ದುದು ಇವುಗಳನ್ನು ಕೇಳಿ ತಿಳಿಯುವ ರೂಢಿ ಆ ಜಗಲಿಯಲ್ಲಿ ಉಂಟೋ ಇಲ್ಲವೋ, ಇದ್ದರೆ ಯಾರಿಂದ ಬಂತು, ಯಾವ ಮಾತಿನಲ್ಲಿ ಕೇಳುತ್ತಾರೆ ಎಂಬುದನ್ನು ಬರೆದುಕೊಳ್ಳಬೇಕು. ಅದರ ಬಳಿಕ ರೋಗಿಯನ್ನು ಕೂರಿಸುವರೋ ಮಲಗಿಸುವರೋ, ಎಣ್ಣೆಗೆ ಮೊದಲು ಶಾಖವೋ ಆಮೇಲೋ, ಬೆರಳಿನಿಂದಲೋ ಅಂಗೈಯಿಂದಲೋ ಹಿಮ್ಮಡಿಯಿಂದಲೋ, ಕಟ್ಟನ್ನು ಎಷ್ಟನೆಯ ದಿನ ಬಿಚ್ಚುತ್ತಾರೆ ಎಂಬ ವಿವರಗಳು. ಸೊಪ್ಪಿನ ಹೆಸರು ಕಡೆಗೆ.